ಶ್ಯಾಕಲ್ಟನ್ ಕುಳಿಯ ಅಂಚಿನ ಬಿಸಿಲು ಯಾರದು?

ಚಂದ್ರನ ದಕ್ಷಿಣ ಧ್ರುವದ ಸುದ್ದಿ ಓದಿದವರಿಗೆ ತಲೆ ಗಿರ್ರ್ ಅಂದರೆ ತಪ್ಪೇನಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ‘ದಕ್ಷಿಣ ಧ್ರುವ ಮುಟ್ಟಿದ ಮೊದಲ ದೇಶ’ ಅಂತ ಟಿವಿಯಲ್ಲಿ, ಪೇಪರಿನಲ್ಲಿ, ಬೇಕರಿ ಮುಂದಿನ ಮಾತಿನಲ್ಲಿ ಎಲ್ಲ ಕಡೆ ಬಂತು. ಈಗ ಚೀನಾದ ಚಾಂಗ್-ಎ 7 ನೌಕೆ ಅದೇ ಧ್ರುವಕ್ಕೆ ಹೊರಟಿದೆ, ನಾಸಾ ಅಲ್ಲಿಗೇ ಮನುಷ್ಯರನ್ನು ಕಳಿಸಲು ಒದ್ದಾಡುತ್ತಿದೆ, ಯಾರು ಮೊದಲು ಅಂತ ಪೈಪೋಟಿ ಬೇರೆ. ನಾವು ಮುಟ್ಟಿ ಆಗಿದ್ದರೆ ಇನ್ನೆಲ್ಲಿಯ ಮೊದಲು?

ನೀರಿನ ಸುದ್ದಿಯ ಕಥೆಯೂ ಅಷ್ಟೇ. ಒಂದು ವರ್ಷ ‘ಮಂಜುಗಡ್ಡೆ ಸಿಕ್ಕಿತು’ ಅನ್ನುತ್ತಾರೆ. ಮುಂದಿನ ವರ್ಷ ‘ಅಂದುಕೊಂಡಷ್ಟು ಇಲ್ಲ’ ಅನ್ನುತ್ತಾರೆ.

ಈ ಎರಡೂ ಗೊಂದಲ ಬಂದು ಸೇರುವುದು ಒಂದೇ ಜಾಗದಲ್ಲಿ. ಅದರ ಹೆಸರು ಶ್ಯಾಕಲ್ಟನ್ ಕುಳಿ. ಸುದ್ದಿಗಳೆಲ್ಲ ಈ ಕುಳಿಯ ಒಳಗಿನ ಕತ್ತಲನ್ನೇ ನೋಡುತ್ತಿವೆ. ನಿಜವಾದ ತಕರಾರು ಹುಟ್ಟುವುದು ಮಾತ್ರ ಅದರ ಅಂಚಿನ ಮೇಲೆ, ಬಿಸಿಲು ಬೀಳುವ ಸಣ್ಣ ಸಣ್ಣ ತುಣುಕು ಜಾಗಗಳಲ್ಲಿ. ಯಾಕೆ ಅಂತ ಒಂದೊಂದೇ ಎಳೆ ಬಿಡಿಸಿ ನೋಡೋಣ.

ಮೊದಲು ಧ್ರುವ ಎಲ್ಲಿದೆ ನೋಡೋಣ

ಚಂದ್ರಯಾನ-3 ಇಳಿದ ಜಾಗ, ಅಂದರೆ ಶಿವಶಕ್ತಿ, ದಕ್ಷಿಣಕ್ಕೆ 69.37 ಡಿಗ್ರಿ ಅಕ್ಷಾಂಶದಲ್ಲಿದೆ. ಧ್ರುವ ಅಂದರೆ 90. ಚಂದ್ರನ ಮೇಲೆ ಒಂದು ಡಿಗ್ರಿಗೆ ಸುಮಾರು 30 ಕಿ.ಮೀ. ಆಗುತ್ತದೆ. ಗುಣಿಸಿ ನೋಡಿದರೆ ಶಿವಶಕ್ತಿಯಿಂದ ಧ್ರುವಕ್ಕೆ 600 ಕಿ.ಮೀ. ದಾಟುತ್ತದೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಕಲಬುರಗಿಗೆ ಹೋದಷ್ಟು ದೂರ ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಯಾವ ದೇಶವೂ ಅಷ್ಟು ದಕ್ಷಿಣಕ್ಕೆ ಮೆತ್ತಗೆ ಇಳಿದಿರಲಿಲ್ಲ ಅನ್ನುವುದು ನಿಜ. ಅದಕ್ಕೂ ನಾಲ್ಕು ದಿನ ಮೊದಲು ರಷ್ಯಾದ ಲೂನಾ-25 ಅಪ್ಪಳಿಸಿ ಒಡೆದುಹೋಗಿತ್ತು. ಸಾಧನೆ ದೊಡ್ಡದೇ. ಆದರೆ ಅದು ಧ್ರುವದ ಕಡೆಗಿನ ಜಾಗ, ಧ್ರುವ ಅಲ್ಲ. ‘ದಕ್ಷಿಣ ಧ್ರುವದ ಹತ್ತಿರ’ ಅನ್ನುವುದರಲ್ಲಿ ‘ಹತ್ತಿರ’ ಅನ್ನುವ ಪದವನ್ನು ತಲೆಬರಹ ಬರೆಯುವವರು ನುಂಗಿಬಿಟ್ಟರು, ಅಷ್ಟೇ.

2025ರ ಮಾರ್ಚ್‌ನಲ್ಲಿ ಅಮೆರಿಕದ ಖಾಸಗಿ ನೌಕೆ ಅಥೀನಾ ಇನ್ನೂ ಕೆಳಗೆ, ಸುಮಾರು 85 ಡಿಗ್ರಿಯ ಹತ್ತಿರ, ಮಾನ್ಸ್ ಮೌಟನ್ ಅನ್ನುವ ಬೆಟ್ಟದ ಮೇಲೆ ಇಳಿಯಿತು. ಇಳಿದದ್ದೇನೋ ಇಳಿಯಿತು, ಒಂದು ಸಣ್ಣ ಗುಂಡಿಯಲ್ಲಿ ಮಗ್ಗುಲಾಗಿ ಬಿದ್ದುಕೊಂಡಿತು. ಬೇಗನೆ ಕೆಲಸ ನಿಂತಿತು.

ಶ್ಯಾಕಲ್ಟನ್ ಇರುವುದು ಇನ್ನೂ ಆಚೆ. ಧ್ರುವದ ಬಿಂದು ಹೆಚ್ಚೂಕಡಿಮೆ ಈ ಕುಳಿಯ ಅಂಚಿನ ಮೇಲೇ ಬೀಳುತ್ತದೆ. ಮುಂದೆ ಇಂಥ ಸುದ್ದಿ ಬಂದಾಗ ‘ದಕ್ಷಿಣ ಧ್ರುವ’ ಅನ್ನುವ ಪದ ಬಿಟ್ಟು ಅಕ್ಷಾಂಶ ಎಷ್ಟು ಅಂತ ಹುಡುಕಿ. 69 ಬೇರೆ ಊರು, 85 ಬೇರೆ ಊರು, 89 ಬೇರೆ ಊರು. ಬಿಸಿಲು ಬೇರೆ, ಚಳಿ ಬೇರೆ, ಕಷ್ಟವೂ ಬೇರೆ.

ಕುಳಿ ಎಂಥದ್ದು

ಅಡ್ಡಗಲ ಸುಮಾರು 21 ಕಿ.ಮೀ. ಮೆಜೆಸ್ಟಿಕ್ಕಿನಲ್ಲಿ ಒಂದು ಅಂಚು ಇಟ್ಟರೆ ಇನ್ನೊಂದು ಅಂಚು ವೈಟ್‌ಫೀಲ್ಡ್ ಹತ್ತಿರ ಬರುತ್ತದೆ. ಆಳ ಸುಮಾರು 4.2 ಕಿ.ಮೀ. ಮುಳ್ಳಯ್ಯನಗಿರಿಯ ಎತ್ತರದಷ್ಟು ಒಂದರ ಮೇಲೊಂದು ಎರಡು ಸಲ ಪೇರಿಸಿದರೂ ಬಾಯಿಗೆ ಬರುವುದಿಲ್ಲ. ಒಳಗೋಡೆಯ ಇಳಿಜಾರು 30 ಡಿಗ್ರಿಯ ಸುತ್ತಮುತ್ತ. ಕಾಲಿಟ್ಟರೆ ಪುಡಿ ಮಣ್ಣು ಜಾರುವಷ್ಟು ಕಡಿದು.

ಬಾಹ್ಯಾಕಾಶದಿಂದ ಬಂದ ಬಂಡೆಯೊಂದು ಅಪ್ಪಳಿಸಿ ಈ ಕುಳಿ ಆಗಿ 300 ಕೋಟಿ ವರ್ಷಕ್ಕಿಂತ ಜಾಸ್ತಿ ಆಗಿದೆ. ಬಟ್ಟಲಿನ ಆಕಾರ ಇನ್ನೂ ಚೆನ್ನಾಗಿ ಉಳಿದಿರುವುದರಿಂದ ಮೊದಲು ಇದನ್ನು ಹೊಸ ಕುಳಿ ಅಂದುಕೊಂಡಿದ್ದರು. ಆಮೇಲೆ ಇದರ ಸುತ್ತ ಬಿದ್ದಿರುವ ಸಣ್ಣ ಕುಳಿಗಳನ್ನು ಎಣಿಸಿ ವಯಸ್ಸು ಅಂದಾಜು ಮಾಡಿದರು. ಲೆಕ್ಕ ಸುಲಭ: ನೆಲ ಹಳೆಯದಾದಷ್ಟೂ ಅದರ ಮೇಲೆ ಏಟು ಜಾಸ್ತಿ.

ಹೆಸರು ಅಂಟಾರ್ಕ್ಟಿಕಾ ಯಾತ್ರೆಗಳಿಂದ ಹೆಸರಾದ ಅರ್ನೆಸ್ಟ್ ಶ್ಯಾಕಲ್ಟನ್‌ದು. ಭೂಮಿಯ ದಕ್ಷಿಣ ಧ್ರುವಕ್ಕೆ ಹೊರಟು ತಲುಪಲಾಗದೆ ವಾಪಸಾದ ಮನುಷ್ಯನ ಹೆಸರು, ಚಂದ್ರನ ದಕ್ಷಿಣ ಧ್ರುವಕ್ಕೇ ಅಂಟಿಕೊಂಡ ಕುಳಿಗೆ. ಹೆಸರಿಟ್ಟವರು ಯೋಚನೆ ಮಾಡಿ ಇಟ್ಟರೋ ಸುಮ್ನೆ ಇಟ್ಟರೋ, ಚೆನ್ನಾಗಿ ಕೂತಿದೆ.

ಒಳಗೆ ಕತ್ತಲೆ, ಅಂಚಿನಲ್ಲಿ ಬೆಳಕು: ಎರಡಕ್ಕೂ ಕಾರಣ ಒಂದೇ

ಭೂಮಿಯ ಅಕ್ಷ 23 ಡಿಗ್ರಿಗೂ ಮಿಕ್ಕಿ ವಾಲಿದೆ. ಅದಕ್ಕೇ ನಮಗೆ ಬೇಸಿಗೆ, ಚಳಿಗಾಲ. ಚಂದ್ರನ ಅಕ್ಷ ಸೂರ್ಯನ ಲೆಕ್ಕದಲ್ಲಿ ವಾಲಿರುವುದು ಬರೀ 1.5 ಡಿಗ್ರಿ. ಹಾಗಾಗಿ ಚಂದ್ರನ ಧ್ರುವದಲ್ಲಿ ನಿಂತು ನೋಡಿದರೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ದಿಗಂತಕ್ಕೆ ಅಂಟಿಕೊಂಡು, ಗಾಣದ ಎತ್ತಿನ ಹಾಗೆ, ಸುಮಾರು 29 ದಿನಕ್ಕೊಂದು ಸುತ್ತು ಹಾಕುತ್ತಾ ಇರುತ್ತಾನೆ.

ಇದರಿಂದ ಎರಡು ಪರಿಣಾಮ. ಆಳದ ಕುಳಿಯ ತಳಕ್ಕೆ ಬಿಸಿಲು ಎಂದೂ ಇಳಿಯುವುದಿಲ್ಲ, ಯಾಕೆಂದರೆ ಗೋಡೆಯನ್ನು ದಾಟಿ ಕೆಳಗೆ ಬೀಳುವಷ್ಟು ಎತ್ತರಕ್ಕೆ ಸೂರ್ಯ ಏರುವುದೇ ಇಲ್ಲ. ಶ್ಯಾಕಲ್ಟನ್ನಿನ ತಳದಲ್ಲಿ ತಾಪಮಾನ ಸೊನ್ನೆಗಿಂತ ಸುಮಾರು 180 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದೇ ಹೊತ್ತಿಗೆ ಎತ್ತರದ ಅಂಚುಗಳಿಗೆ ಅಡ್ಡ ಏನೂ ಇಲ್ಲದ ಕಾರಣ ಸೂರ್ಯ ಸುತ್ತಲೂ ತಿರುಗುತ್ತಾ ಬೆಳಕು ಹಾಕುತ್ತಲೇ ಇರುತ್ತಾನೆ. ಕೆಲವು ತುದಿಗಳಲ್ಲಿ ವರ್ಷದ 80 ರಿಂದ 90 ಪರ್ಸೆಂಟ್ ಕಾಲ ಬಿಸಿಲು. ಸದಾ ಬೆಳಕಿನ ತುದಿಗಳು ಅಂತ ಇವನ್ನು ಕರೆಯುವುದುಂಟು. ಪೂರ್ತಿ ‘ಸದಾ’ ಅಲ್ಲ, ಆದರೂ ಚಂದ್ರನ ಲೆಕ್ಕಕ್ಕೆ ಅದು ಭಾರೀ ದೊಡ್ಡ ವರ.

ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ನಮ್ಮ ವಿಕ್ರಮ್‌ನನ್ನೇ ನೆನೆಸಿಕೊಳ್ಳಿ. ಶಿವಶಕ್ತಿಯಲ್ಲಿ ಸುಮಾರು 14 ದಿನ ಹಗಲು, 14 ದಿನ ರಾತ್ರಿ. ಹಗಲು ಮುಗಿಯುವ ಮೊದಲು ಲ್ಯಾಂಡರ್ ಮತ್ತು ಪ್ರಜ್ಞಾನ್ ರೋವರನ್ನು ಮಲಗಿಸಿದರು. ರಾತ್ರಿಯ ಚಳಿ ಕಳೆದ ಮೇಲೆ ಎರಡೂ ಏಳಲೇ ಇಲ್ಲ. ಅಲ್ಲಿ ಯಂತ್ರಗಳನ್ನು ಕೊಲ್ಲುವುದು ಚಂದ್ರನ ರಾತ್ರಿ. ರಾತ್ರಿಯೇ ಹೆಚ್ಚು ಇಲ್ಲದ ಜಾಗ ಒಂದಿದೆ ಅಂದರೆ ಎಲ್ಲರ ಕಣ್ಣು ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಅಕ್ಕಪಕ್ಕದವರು

ಶ್ಯಾಕಲ್ಟನ್ ಒಂಟಿಯಾಗಿಲ್ಲ. ಇದರ ಪಕ್ಕದಲ್ಲೇ ಡಿ ಗರ್ಲಾಷ್ ಕುಳಿ. ಎರಡನ್ನೂ ಸೇರಿಸುವ ಹಾಗೆ ಒಂದು ದಿಬ್ಬದ ಸಾಲು ಹಾದುಹೋಗಿದೆ. ಬೆಳಕಿನ ಒಳ್ಳೊಳ್ಳೆ ಜಾಗಗಳಲ್ಲಿ ಕೆಲವು ಈ ಸಾಲಿನ ಮೇಲಿವೆ. ಇನ್ನೊಂದು ದಿಕ್ಕಿನಲ್ಲಿ ಹಾವರ್ತ್, ಶೂಮೇಕರ್, ಫೌಸ್ಟಿನಿ ಅನ್ನುವ ಮೂರು ದೊಡ್ಡ ಕುಳಿಗಳು. ಶ್ಯಾಕಲ್ಟನ್ನಿಗಿಂತ ಅಗಲ, ಹಳೆಯವು, ಒಳಗೆ ಅಷ್ಟೇ ಕತ್ತಲೆ. ಸ್ವಲ್ಪ ದೂರದಲ್ಲಿ ಮಲಾಪರ್ಟ್ ಬೆಟ್ಟ, ಅಥೀನಾ ಬಿದ್ದ ಮಾನ್ಸ್ ಮೌಟನ್.

ಈ ಬೆಟ್ಟಗಳು ಎಲ್ಲಿಂದ ಬಂದವು? ಚಂದ್ರನ ಆಚೆ ಮಗ್ಗುಲಲ್ಲಿ ದಕ್ಷಿಣ ಧ್ರುವ-ಏಟ್ಕನ್ ಅನ್ನುವ ಒಂದು ತಗ್ಗು ಇದೆ. ಅಗಲ ಸುಮಾರು 2,500 ಕಿ.ಮೀ. 400 ಕೋಟಿ ವರ್ಷಕ್ಕೂ ಹಿಂದೆ ಬಿದ್ದ ಏಟಿನ ಗಾಯ ಅದು. ಈ ಬೆಟ್ಟಗಳು ಆ ಗಾಯದ ಅಂಚು ಎದ್ದು ನಿಂತ ಉಳಿಕೆ ಅಂತ ತಿಳಿದಿದ್ದಾರೆ. ಅಂದರೆ ಶ್ಯಾಕಲ್ಟನ್ ಕೂತಿರುವುದು ತನಗಿಂತ ನೂರು ಪಟ್ಟು ದೊಡ್ಡ ಕುಳಿಯ ದಡದಲ್ಲಿ. ವಿಜ್ಞಾನಿಗಳಿಗೆ ನೀರಿಗಿಂತ ಈ ಕಲ್ಲುಗಳ ಮೇಲೇ ಆಸೆ ಜಾಸ್ತಿ. ಸುದ್ದಿಯಲ್ಲಿ ಅದು ಬರುವುದಿಲ್ಲ, ಕಲ್ಲಿಗೆ ಯಾರು ಕ್ಲಿಕ್ ಮಾಡುತ್ತಾರೆ ಹೇಳಿ.

2025ರ ಫೆಬ್ರವರಿಯಲ್ಲಿ ಬಂದ ಒಂದು ಅಧ್ಯಯನ ಈ ಆಸೆಗೆ ಇನ್ನಷ್ಟು ಬಲ ಕೊಟ್ಟಿತು. ಇದೇ ಕಡೆಯ ಶ್ರೋಡಿಂಗರ್ ಅನ್ನುವ ಸುಮಾರು 320 ಕಿ.ಮೀ. ಅಗಲದ ಕುಳಿಯಿಂದ ಎರಡು ಉದ್ದನೆ ಕಣಿವೆಗಳು ಹೊರಟಿವೆ. ಒಂದೊಂದೂ 250 ಕಿ.ಮೀ.ಗಿಂತ ಉದ್ದ, ಆಳ ಎರಡೂವರೆ ಕಿ.ಮೀ.ಗೂ ಜಾಸ್ತಿ. ಏಟು ಬಿದ್ದಾಗ ಸಿಡಿದ ಬಂಡೆಗಳು ನೆಲವನ್ನು ಸೀಳಿಕೊಂಡು ಹೋಗಿ 10 ನಿಮಿಷದೊಳಗೆ ಈ ಕಣಿವೆಗಳನ್ನು ಕೊರೆದವು ಅಂತ ಲೆಕ್ಕ ಹಾಕಿದ್ದಾರೆ. ಸಿಡಿದದ್ದರಲ್ಲಿ ಹೆಚ್ಚಿನ ಪಾಲು ಧ್ರುವದಿಂದ ಆಚೆ ಕಡೆಗೇ ಹೋಯಿತು. ಹಾಗಾಗಿ ಧ್ರುವದ ಹಳೇ ಕಲ್ಲುಗಳ ಮೇಲೆ ಶ್ರೋಡಿಂಗರ್‌ನ ಕಸ ಅಷ್ಟಾಗಿ ಬಿದ್ದಿಲ್ಲ, ಇಳಿದವರಿಗೆ ಹಳೆಯ ಕಲ್ಲು ಕೈಗೆ ಸಿಗುವ ಸಾಧ್ಯತೆ ಹೆಚ್ಚಾಯಿತು.

ಮಂಜುಗಡ್ಡೆ ಇದೆಯೋ ಇಲ್ಲವೋ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ‘ಇದೆ’ ಅನ್ನುವ ಸುದ್ದಿಯೂ ಸುಳ್ಳಲ್ಲ, ‘ಇಲ್ಲ’ ಅನ್ನುವ ಸುದ್ದಿಯೂ ಸುಳ್ಳಲ್ಲ.

1994ರಲ್ಲಿ ಅಮೆರಿಕದ ಕ್ಲೆಮೆಂಟೈನ್ ನೌಕೆ ಧ್ರುವದ ಕಡೆಗೆ ರೇಡಿಯೊ ಅಲೆ ಬಿಟ್ಟಿತು. ಭೂಮಿಗೆ ಬಂದ ಪ್ರತಿಧ್ವನಿ ಐಸ್ ಇದ್ದರೆ ಬರುವ ಥರ ಇತ್ತು. ದೊಡ್ಡ ಸುದ್ದಿ ಆಯಿತು. ಆಮೇಲೆ ಪೋರ್ಟೊ ರಿಕೊದ ಅರೆಸಿಬೊ ರೇಡಾರ್‌ನಿಂದ ನೋಡಿದವರು ಒಂದು ಕೊಕ್ಕೆ ಹಾಕಿದರು: ಇದೇ ಥರದ ಪ್ರತಿಧ್ವನಿ ಚೆನ್ನಾಗಿ ಬಿಸಿಲು ಬೀಳುವ ಜಾಗಗಳಿಂದಲೂ ಬರುತ್ತಿದೆಯಲ್ಲ, ಅಲ್ಲಿ ಐಸ್ ಇರಲು ಸಾಧ್ಯವೇ ಇಲ್ಲವಲ್ಲ? ಕಲ್ಲುಮುಳ್ಳಾದ ನೆಲವೂ ಅದೇ ಥರ ಪ್ರತಿಧ್ವನಿ ಕೊಡಬಹುದು ಅಂತ ಆಯಿತು.

1998ರಲ್ಲಿ ಹೊರಟ ನಾಸಾದ ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಬೇರೆ ದಾರಿ ಹಿಡಿಯಿತು. ನ್ಯೂಟ್ರಾನ್‌ಗಳನ್ನು ಅಳೆದು, ಧ್ರುವಗಳಲ್ಲಿ ಹೈಡ್ರೋಜನ್ ಜಾಸ್ತಿ ಇದೆ ಅಂತ ತೋರಿಸಿತು. ಹೈಡ್ರೋಜನ್ ಇದ್ದ ಮಾತ್ರಕ್ಕೆ ನೀರು ಅಂತ ಅಲ್ಲ. ಪರೀಕ್ಷೆ ಮಾಡಿಬಿಡೋಣ ಅಂತ 1999ರ ಜುಲೈ 31ರಂದು ಆ ನೌಕೆಯನ್ನೇ ಶೂಮೇಕರ್ ಕುಳಿಗೆ ಕುಕ್ಕಿದರು. ಆವಿ ಏಳುತ್ತಾ ಅಂತ ದೂರದರ್ಶಕ ಹಿಡಿದು ಕಾದವರಿಗೆ ಏನೂ ಕಾಣಲಿಲ್ಲ.

2008ರಲ್ಲಿ ಜಪಾನಿನ ಕಗುಯಾ ತಂಡ ಒಂದು ಚೆಂದದ ಉಪಾಯ ಮಾಡಿತು. ಶ್ಯಾಕಲ್ಟನ್ನಿನ ತಳಕ್ಕೆ ನೇರ ಬಿಸಿಲು ಬೀಳದಿದ್ದರೇನು, ಒಳಗೋಡೆಯ ಮೇಲ್ಭಾಗಕ್ಕೆ ಬಿದ್ದ ಬಿಸಿಲು ಚೆದುರಿ ತಳಕ್ಕೆ ಮಂದ ಬೆಳಕಾಗಿ ಬೀಳುತ್ತದಲ್ಲ? ಆ ಬೆಳಕಿನಲ್ಲೇ ಕುಳಿಯ ಒಳಗಿನ ಚಿತ್ರ ತೆಗೆದರು. ಬೆಳ್ಳಗೆ ಹೊಳೆಯುವ ಐಸ್ ಎಲ್ಲೂ ಕಾಣಲಿಲ್ಲ. ಇದ್ದರೆ ಮಣ್ಣಿನಲ್ಲಿ ಬೆರೆತು ಸ್ವಲ್ಪ ಇರಬಹುದು ಅಂದರು. 2012ರಲ್ಲಿ ನಾಸಾದ ಎಲ್‌ಆರ್‌ಓ ನೌಕೆಯ ಲೇಸರ್ ಅಳತೆ ಬಂತು. ಶ್ಯಾಕಲ್ಟನ್ನಿನ ತಳ ಸುತ್ತಲಿನ ಬೇರೆ ಕುಳಿಗಳ ತಳಕ್ಕಿಂತ ಹೊಳಪಾಗಿದೆ. ಅದಕ್ಕೆ ಐಸ್ ಕಾರಣವಾಗಿದ್ದರೆ, ಮೇಲಿನ ಮೈಕ್ರಾನ್‌ನಷ್ಟು ತೆಳುವಾದ ಪದರದಲ್ಲಿ ಅದರ ಪಾಲು ಹೆಚ್ಚೆಂದರೆ 22 ಪರ್ಸೆಂಟ್ ಇರಬಹುದು. ಮಜಾ ಏನೆಂದರೆ, ‘ಇದ್ದರೆ’, ‘ಹೆಚ್ಚೆಂದರೆ’ ಎರಡೂ ಪದ ಸುದ್ದಿಗೆ ಬರುವಷ್ಟರಲ್ಲಿ ಉದುರಿ ‘22 ಪರ್ಸೆಂಟ್ ಐಸ್’ ಅಂತ ಉಳಿಯಿತು. ಅದೇ ಅಳತೆಯಲ್ಲಿ ಗೋಡೆಗಳು ತಳಕ್ಕಿಂತ ಇನ್ನೂ ಹೊಳಪಾಗಿದ್ದವು. ಗೋಡೆಯ ಹೊಳಪಿಗೆ ಐಸ್ ಬೇಕಿಲ್ಲ, ಮೇಲಿನ ಮಣ್ಣು ಜಾರಿ ಹೊಸ ಮಣ್ಣು ಹೊರಗೆ ಬಂದರೂ ಸಾಕು.

ದಕ್ಷಿಣ ಕೊರಿಯಾದ ದನೂರಿ ನೌಕೆಯಲ್ಲಿ ಕೂತ ಶ್ಯಾಡೋಕ್ಯಾಮ್, ನೆರಳಿನೊಳಗೆ ನೋಡಲೆಂದೇ ಮಾಡಿದ ಕ್ಯಾಮೆರಾ. ಅದರ ಚಿತ್ರಗಳಲ್ಲಿ ಶ್ಯಾಕಲ್ಟನ್ನಿನ ಒಳಗಿನ ಇಳಿಜಾರು, ಸಣ್ಣ ಗುಂಡಿಗಳು ಎಲ್ಲ ಸ್ಪಷ್ಟ. ಐಸಿನ ಬಿಳಿ ಹಾಸು ಮಾತ್ರ ಇಲ್ಲ.

ಹಾಗಾದರೆ ‘ಇದೆ’ ಅನ್ನುವವರ ಆಧಾರ ಏನು? 2009ರ ಅಕ್ಟೋಬರ್ 9ರಂದು ಎಲ್‌ಕ್ರಾಸ್ ಯೋಜನೆಯಲ್ಲಿ ರಾಕೆಟ್ಟಿನ ಖಾಲಿ ಹಂತವನ್ನು ಕಬೇಯಸ್ ಕುಳಿಗೆ ಅಪ್ಪಳಿಸಿದರು. ಎದ್ದ ಧೂಳಿನಲ್ಲಿ ನೀರು ಸಿಕ್ಕಿತು. ಅಲ್ಲಿನ ಮಣ್ಣಿನ ತೂಕದಲ್ಲಿ ಸುಮಾರು 5.6 ಪರ್ಸೆಂಟ್ ನೀರು ಅಂತ ಲೆಕ್ಕ. ನಮ್ಮ ಚಂದ್ರಯಾನ-1ರಲ್ಲಿ ಹೋಗಿದ್ದ ನಾಸಾದ ಎಂ-ಕ್ಯೂಬ್ ಉಪಕರಣ ಚಂದ್ರನ ಮೇಲ್ಮೈಯಲ್ಲಿ ನೀರಿನ ಗುರುತು ತೋರಿಸಿತ್ತು. ಅದೇ ಹಳೇ ಮಾಹಿತಿಯನ್ನು ಮತ್ತೆ ಜಾಲಾಡಿ, ಧ್ರುವಗಳ ನೆರಳಿನಲ್ಲಿ ಅಲ್ಲಲ್ಲಿ ಮೇಲ್ಮೈಯಲ್ಲೇ ಐಸ್ ಇದೆ ಅಂತ 2018ರಲ್ಲಿ ಪ್ರಕಟಿಸಿದರು.

ಎಲ್ಲವನ್ನೂ ಕೂಡಿಸಿದರೆ ಬರುವುದು ಇಷ್ಟು: ಧ್ರುವದಲ್ಲಿ ನೀರು ಇದೆ. ಎಲ್ಲ ಕತ್ತಲೆ ಕುಳಿಗಳಲ್ಲೂ ಒಂದೇ ಸಮ ಇಲ್ಲ. ಶ್ಯಾಕಲ್ಟನ್ನಿನಲ್ಲಿ ಎಷ್ಟಿದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಬುಧ ಗ್ರಹದ ಧ್ರುವದ ಕುಳಿಗಳಲ್ಲಿ ಐಸ್ ಹಾಸಿಕೊಂಡು ಬಿದ್ದಿದೆ. ಸೂರ್ಯನಿಗೆ ಅಷ್ಟು ಹತ್ತಿರದ ಗ್ರಹದಲ್ಲಿ ಹಾಗಿರುವಾಗ ಚಂದ್ರನಲ್ಲಿ ಯಾಕಿಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆಯೇ. 2023ರ ಒಂದು ಅಧ್ಯಯನ ಒಂದು ಉತ್ತರ ಕೊಡುತ್ತದೆ. ಚಂದ್ರ ಭೂಮಿಯಿಂದ ದೂರ ಸರಿಯುತ್ತಾ ಬಂದ ಹಾಗೆ ಅದರ ಅಕ್ಷದ ವಾಲಿಕೆಯೂ ಬದಲಾಗಿದೆ. ಒಂದು ಕಾಲದಲ್ಲಿ ಅದು ಈಗಿನದಕ್ಕಿಂತ ಎಷ್ಟೋ ಜಾಸ್ತಿ ವಾಲಿತ್ತು, ಆಗ ಈ ಕುಳಿಗಳಿಗೆಲ್ಲ ಬಿಸಿಲು ಬೀಳುತ್ತಿತ್ತು. ಈಗಿನ ‘ಸದಾ’ ನೆರಳಿನ ಜಾಗಗಳಲ್ಲಿ ಯಾವುದೂ 340 ಕೋಟಿ ವರ್ಷಕ್ಕಿಂತ ಹಳೆಯದಲ್ಲ, ಸರಾಸರಿ 180 ಕೋಟಿ ವರ್ಷ. ಕುಳಿ ಹಳೆಯದಾದರೂ ಕತ್ತಲೆ ಹೊಸದು. ನೀರು ಕೂಡಿಡುವುದಕ್ಕೆ ಸಿಕ್ಕ ಕಾಲ ಅಂದುಕೊಂಡದ್ದಕ್ಕಿಂತ ಕಮ್ಮಿ.

ಐಸ್ ಅನುಮಾನ, ಬಿಸಿಲು ಗ್ಯಾರಂಟಿ

ಹೀಗಿದ್ದೂ ಎಲ್ಲರೂ ಯಾಕೆ ಇಲ್ಲಿಗೇ ಬರುತ್ತಾರೆ? ಐಸ್ ಹುಡುಕುವುದೇ ಗುರಿಯಾಗಿದ್ದರೆ ಕತ್ತಲೆ ಕುಳಿಗಳು ಬೇಕಾದಷ್ಟಿವೆ. ಆದರೆ ಹುಡುಕುವ ಯಂತ್ರ ಬದುಕಬೇಕಲ್ಲ. ಅದಕ್ಕೆ ಕರೆಂಟು ಬೇಕು, ಕರೆಂಟಿಗೆ ಬಿಸಿಲು ಬೇಕು, ಮತ್ತು ಆ ಬಿಸಿಲು ಕತ್ತಲೆ ಕುಳಿಯ ಪಕ್ಕದಲ್ಲೇ ಇರಬೇಕು. ಎರಡೂ ಒಟ್ಟಿಗೆ ಸಿಗುವುದು ಶ್ಯಾಕಲ್ಟನ್ನಿನ ಅಂಚಿನಲ್ಲಿ. ಇಲ್ಲಿ ಸುಮಾರು 10 ಕಿ.ಮೀ. ಅಂತರದ ಎರಡು ಜಾಗಗಳನ್ನು ಹಿಡಿದರೆ ಎರಡರಲ್ಲಿ ಒಂದಕ್ಕಾದರೂ ವರ್ಷದ 90 ಪರ್ಸೆಂಟಿಗಿಂತ ಜಾಸ್ತಿ ಕಾಲ ಬಿಸಿಲು ಸಿಗುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ನಡುವೆ ಒಂದು ತಂತಿ ಎಳೆದರೆ ಹೆಚ್ಚೂಕಡಿಮೆ ವರ್ಷಪೂರ್ತಿ ವಿದ್ಯುತ್.

ಇಂಥ ಜಾಗ ಎಷ್ಟು ದೊಡ್ಡದು? ಕಿಲೋಮೀಟರ್‌ಗಳ ಲೆಕ್ಕ ಬೇಡ, ನೂರಾರು ಮೀಟರ್‌ಗಳ ಲೆಕ್ಕ. ಅಂಚಿನಿಂದ ಸ್ವಲ್ಪ ಈ ಕಡೆ ಇಳಿದರೆ ಬಿಸಿಲಿನ ದಿನಗಳು ಸರ್ರನೆ ಕಮ್ಮಿ ಆಗುತ್ತವೆ.

ಅದಕ್ಕಿಂತ ದೊಡ್ಡ ಸಮಸ್ಯೆ ನೆರಳಿನದು. ಸೂರ್ಯ ದಿಗಂತದಿಂದ 1.5 ಡಿಗ್ರಿ ಮೇಲಿದ್ದಾಗ, ಸಮತಟ್ಟು ನೆಲದಲ್ಲಿ 10 ಮೀಟರ್ ಎತ್ತರದ ಕಂಬದ ನೆರಳು ಸುಮಾರು 380 ಮೀಟರ್ ಉದ್ದ ಬೀಳುತ್ತದೆ. ಅಲ್ಲಿ ಸೂರ್ಯ ಅದಕ್ಕಿಂತ ಮೇಲೆ ಬರುವುದೇ ಇಲ್ಲ, ಹಾಗಾಗಿ ಇದು ಅತಿ ಚಿಕ್ಕ ನೆರಳು. ಸೋಲಾರ್ ಫಲಕಗಳನ್ನು ಅಲ್ಲಿ ನಮ್ಮ ತಾರಸಿಯ ಹಾಗೆ ಮಲಗಿಸಿ ಇಡುವುದಕ್ಕಾಗುವುದಿಲ್ಲ, ಸೂರ್ಯ ಪಕ್ಕದಲ್ಲಿರುವುದರಿಂದ ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ, ಸೂರ್ಯನ ಜೊತೆ ತಿರುಗಿಸುತ್ತಾ ಇರಬೇಕು. ಒಬ್ಬರು ನಿಲ್ಲಿಸಿದ ಗೋಡೆಯ ನೆರಳು ಇನ್ನೊಬ್ಬರ ಗೋಡೆಯ ಮೇಲೆ ಬಿತ್ತು ಅಂದರೆ ಅವರ ಕರೆಂಟು ಹೋಯಿತು. ಬೆಂಗಳೂರಿನ 30-40 ಸೈಟಿನಲ್ಲಿ ಪಕ್ಕದವರು ಇನ್ನೊಂದು ಅಂತಸ್ತು ಎಬ್ಬಿಸಿದರೆ ನಮ್ಮ ಅಂಗಳದ ಬಿಸಿಲು ಹೋಗುತ್ತದಲ್ವಾ, ಅದೇ ಜಗಳ, ನೆರಳು ಮಾತ್ರ 380 ಮೀಟರ್. ಮತ್ತೆ ಅಲ್ಲಿ ಸೆಟ್‌ಬ್ಯಾಕ್ ನಿಯಮ ಇಲ್ಲ, ದೂರು ಕೊಡಲು ಪಾಲಿಕೆಯೂ ಇಲ್ಲ.

ಇಳಿಯುವಾಗಿನ ಧೂಳು ಇನ್ನೊಂದು ತಾಪತ್ರಯ. 1969ರ ನವೆಂಬರ್‌ನಲ್ಲಿ ಅಪೊಲೊ 12 ಇಳಿದದ್ದು, ಎರಡೂವರೆ ವರ್ಷ ಮೊದಲು ಇಳಿದಿದ್ದ ಸರ್ವೇಯರ್ 3 ಅನ್ನುವ ನೌಕೆಯಿಂದ ಸುಮಾರು 160 ಮೀಟರ್ ದೂರದಲ್ಲಿ. ಗಗನಯಾತ್ರಿಗಳು ಅದರ ಕೆಲವು ಭಾಗ ಬಿಚ್ಚಿ ವಾಪಸ್ ತಂದರು. ನೋಡಿದರೆ ಲ್ಯಾಂಡರಿನ ಬೆಂಕಿಗಾಳಿಗೆ ಎದ್ದ ಮಣ್ಣು ಮರಳುಕಾಗದದಿಂದ ಉಜ್ಜಿದ ಹಾಗೆ ಅದರ ಮೈ ಕೆರೆದಿತ್ತು. ಗಾಳಿಯೇ ಇಲ್ಲದ ಜಾಗದಲ್ಲಿ ಧೂಳನ್ನು ತಡೆಯುವುದೂ ಏನಿಲ್ಲ, ಗುಂಡಿನ ಹಾಗೆ ನೇರ ಹೋಗುತ್ತದೆ. ಅಂಚಿನ ಮೇಲೆ ಒಬ್ಬರ ಫಲಕ ನಿಂತ ಮೇಲೆ, ಪಕ್ಕದಲ್ಲಿ ಇನ್ನೊಬ್ಬರು ಇಳಿಯುವುದು ಅಂದರೆ ಅವರ ಫಲಕಕ್ಕೆ ಮಣ್ಣು ಎರಚಿದ ಹಾಗೆಯೇ.

ಕಾನೂನು ಏನು ಹೇಳುತ್ತದೆ

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಚಂದ್ರನ ಯಾವ ತುಂಡನ್ನೂ ತನ್ನದು ಅನ್ನುವಂತಿಲ್ಲ. ಬಾವುಟ ನೆಟ್ಟರೂ ಅಷ್ಟೇ, ಬಳಸಿದರೂ ಅಷ್ಟೇ. ಅದೇ ಒಪ್ಪಂದ ಇನ್ನೊಂದು ಕಡೆ ಹೇಳುವುದು, ಇನ್ನೊಬ್ಬರ ಕೆಲಸಕ್ಕೆ ತೊಂದರೆ ಆಗದ ಹಾಗೆ ನೋಡಿಕೊಳ್ಳಬೇಕು ಅಂತ. ಕೇಳಲು ಎರಡೂ ಸರಿ. ಈಗ ಎರಡನ್ನೂ ಶ್ಯಾಕಲ್ಟನ್ ಅಂಚಿಗೆ ತಂದು ನಿಲ್ಲಿಸಿ. ಮೊದಲು ಬಂದವರು ಜಾಗ ತಮ್ಮದು ಅನ್ನುವುದಿಲ್ಲ. ‘ನಮ್ಮ ಫಲಕಕ್ಕೆ ನೆರಳು ಬೀಳಬಾರದು, ಧೂಳು ಬೀಳಬಾರದು, ದೂರ ಇಳಿಯಿರಿ’ ಅನ್ನುತ್ತಾರೆ, ಅಷ್ಟೇ. ದೂರ ಇಳಿದರೆ ಬಿಸಿಲಿಲ್ಲ. ಮಾಲೀಕತ್ವದ ಮಾತೇ ಎತ್ತದೆ ಜಾಗ ಅವರದಾಯಿತು.

ಇದು ಊಹೆಯ ಮಾತಲ್ಲ. ಹಾರ್ವರ್ಡ್-ಸ್ಮಿತ್ಸೋನಿಯನ್ ಕೇಂದ್ರದ ಮಾರ್ಟಿನ್ ಎಲ್ವಿಸ್ ಮತ್ತು ಸಂಗಡಿಗರು 2016ರಲ್ಲೇ ಇದನ್ನು ಬರೆದಿದ್ದರು. ಅವರ ಉದಾಹರಣೆ ಇನ್ನೂ ಚುರುಕು. ಸೂರ್ಯನ ರೇಡಿಯೊ ಅಲೆ ಅಳೆಯಲು ಅಂಚಿನ ಉದ್ದಕ್ಕೂ ಸುಮಾರು 100 ಮೀಟರಿನ ಒಂದು ಬರಿಯ ತಂತಿ ಹಾಸಿದರೆ ಸಾಕು. ಅದು ಅಪ್ಪಟ ವಿಜ್ಞಾನ, ಒಪ್ಪಂದ ಬೆನ್ನು ತಟ್ಟುವ ಕೆಲಸ. ಅದಕ್ಕೆ ಅಡ್ಡಿ ಮಾಡಬಾರದು ಅಂದರೆ ಇಡೀ ಅಂಚಿಗೆ ಯಾರೂ ಬರುವಂತಿಲ್ಲ.

ಅಮೆರಿಕದ ನಿಲುವು, ಅದು ಬೇರೆ ದೇಶಗಳ ಸಹಿಗೂ ಮುಂದಿಟ್ಟ 2020ರ ಆರ್ಟೆಮಿಸ್ ಒಪ್ಪಂದದಲ್ಲಿದೆ. ಸಂಪನ್ಮೂಲ ತೆಗೆದು ಬಳಸಿದ ಮಾತ್ರಕ್ಕೆ ನೆಲ ಕಬಳಿಸಿದ ಹಾಗಲ್ಲ ಅನ್ನುತ್ತದೆ ಅದು. ಕೆಲಸ ನಡೆಯುವ ಜಾಗದ ಸುತ್ತ ‘ಸುರಕ್ಷಾ ವಲಯ’ ಇಟ್ಟುಕೊಳ್ಳಬಹುದು, ಅದರ ಬಗ್ಗೆ ಉಳಿದವರಿಗೆ ತಿಳಿಸಿ ಮಾತಾಡಿಕೊಳ್ಳಬೇಕು. ಬೆಂಬಲಿಸುವವರು ಹೇಳುವುದು: ಅಪಘಾತ ತಪ್ಪಿಸಲು ಇಷ್ಟಾದರೂ ಬೇಕು, ವಲಯ ತಾತ್ಕಾಲಿಕ, ಕೆಲಸ ಮುಗಿದರೆ ಮುಗಿಯಿತು. ಇದನ್ನು ಒಪ್ಪದವರು ಕೇಳುವುದು: ಹತ್ತಾರು ವರ್ಷದ ನೆಲೆ ಕಟ್ಟಿದರೆ ‘ಮುಗಿಯುವುದು’ ಯಾವಾಗ? ಅಮೆರಿಕದ ಸುತ್ತಲೇ ಹೆಣೆದ ಯೋಜನೆ ಇದು ಅಂತ ರಷ್ಯಾ ಆಗಲೇ ಮೂಗು ಮುರಿದಿತ್ತು. 2021ರಲ್ಲಿ ಚೀನಾ ಮತ್ತು ರಷ್ಯಾ ಸೇರಿ ತಮ್ಮದೇ ಚಂದ್ರ ಸಂಶೋಧನಾ ನೆಲೆಯ ಯೋಜನೆ ಮುಂದಿಟ್ಟವು. ಹಾಗಂತ ಈ ಬಣ ನೆರಳಿಗೂ ಧೂಳಿಗೂ ಬೇರೆ ಉತ್ತರ ಕೊಟ್ಟಿದೆಯೇ ಅಂದರೆ, ಅದೂ ಇಲ್ಲ. ಮೊದಲು ಬಂದವರಿಗೆ ಅನುಕೂಲ ಅನ್ನುವುದು ಎರಡೂ ಕಡೆಗೂ ರುಚಿಸುವ ವಿಷಯವೇ.

ಕೂತು ಮಾತಾಡಬಹುದಲ್ಲ ಅಂದರೆ ಅದಕ್ಕೂ ಅಡ್ಡಿ ಇದೆ. ವುಲ್ಫ್ ತಿದ್ದುಪಡಿ ಅನ್ನುವ 2011ರ ಅಮೆರಿಕದ ನಿಯಮದ ಪ್ರಕಾರ, ವಿಶೇಷ ಅನುಮತಿ ಇಲ್ಲದೆ ನಾಸಾ ಚೀನಾದ ಜೊತೆ ನೇರವಾಗಿ ಕೈ ಜೋಡಿಸುವಂತಿಲ್ಲ. ಒಂದೇ ದಿಬ್ಬಕ್ಕೆ ಹೊರಟ ಇಬ್ಬರು, ನಡುವೆ ಫೋನು ಕೂಡ ಸಲೀಸಾಗಿ ಮಾಡುವಂತಿಲ್ಲ.

ಯಾರು ಎಲ್ಲಿ ಇಳಿಯಲು ಹೊರಟಿದ್ದಾರೆ

ಮನುಷ್ಯರನ್ನು ಇಳಿಸಲು ನಾಸಾ 2022ರ ಆಗಸ್ಟ್‌ನಲ್ಲಿ 13 ಪ್ರದೇಶಗಳ ಪಟ್ಟಿ ಕೊಟ್ಟಿತ್ತು. ಶ್ಯಾಕಲ್ಟನ್ ಪಕ್ಕದ ಶಿಖರ, ಡಿ ಗರ್ಲಾಷ್ ಕಡೆಗಿನ ದಿಬ್ಬದ ಸಾಲು ಎರಡೂ ಅದರಲ್ಲಿದ್ದವು. 2024ರ ಅಕ್ಟೋಬರ್‌ನಲ್ಲಿ ಪಟ್ಟಿ 9ಕ್ಕೆ ಇಳಿಯಿತು, ಈ ಎರಡೂ ಬಿದ್ದುಹೋದವು. ಹಾವರ್ತ್, ಮಲಾಪರ್ಟ್, ಮಾನ್ಸ್ ಮೌಟನ್, ಡಿ ಗರ್ಲಾಷ್‌ನ ಇನ್ನೊಂದು ಅಂಚು ಇವೆಲ್ಲ ಉಳಿದವು. ಉಡಾವಣೆಗೆ ಸಿಗುವ ದಿನಗಳು, ನೆಲದ ಸಮತಟ್ಟು, ಭೂಮಿಯ ಜೊತೆ ಸಂಪರ್ಕ, ಬೆಳಕು ಎಲ್ಲ ತೂಗಿ ನೋಡಿದ್ದೇವೆ ಅಂತ ನಾಸಾ ಹೇಳಿತು. ಭೂಮಿಯ ಜೊತೆ ಸಂಪರ್ಕ ಸಣ್ಣ ವಿಷಯವಲ್ಲ. ಧ್ರುವದಿಂದ ನೋಡಿದರೆ ಭೂಮಿಯೂ ದಿಗಂತದಲ್ಲೇ ಇಣುಕುತ್ತದೆ, ಸುಮಾರು ಎರಡು ವಾರ ಮೇಲೆ, ಎರಡು ವಾರ ಮರೆಯಲ್ಲಿ.

ಚೀನಾ ಇದಕ್ಕೆ ಮೊದಲೇ ದಾರಿ ಮಾಡಿಕೊಂಡಿತು. 2024ರ ಮಾರ್ಚ್‌ನಲ್ಲೇ ಚ್ವೇಚಿಯಾವ್-2 ಅನ್ನುವ ಸಂಪರ್ಕ ಉಪಗ್ರಹವನ್ನು ಚಂದ್ರನ ಸುತ್ತ ಇಟ್ಟಿತು. 2026ಕ್ಕೆ ಗೊತ್ತುಮಾಡಿದ ಚಾಂಗ್-ಎ 7ರ ಗುರಿ ಶ್ಯಾಕಲ್ಟನ್ನಿನ ಅಂಚಿನ ಹತ್ತಿರ, 88.8 ಡಿಗ್ರಿಯ ಆಸುಪಾಸು. ಲ್ಯಾಂಡರ್, ರೋವರ್ ಜೊತೆಗೆ ಜಿಗಿದು ಹಾರುವ ಒಂದು ಪುಟ್ಟ ಯಂತ್ರವೂ ಇದೆ. ಅದು ನೆರಳಿನ ಕುಳಿಯೊಳಗೆ ಹೋಗಿ ಅಲ್ಲಿನ ಮಣ್ಣಿನಲ್ಲಿ ನೀರು ಇದೆಯೇ ಅಂತ ನೋಡಬೇಕು. ಚಕ್ರದ ಬದಲು ಜಿಗಿತ ಯಾಕೆ ಅಂದರೆ, ಆ ಇಳಿಜಾರಿನಲ್ಲಿ ಚಕ್ರ ಇಳಿದರೆ ಮತ್ತೆ ಹತ್ತುವ ಭರವಸೆ ಇಲ್ಲ.

ನಾಸಾದ ನೀರು ಹುಡುಕುವ ರೋವರ್ ವೈಪರ್‌ನ ಪಾಡು ಬೇರೆ. ಕಟ್ಟಿ ಮುಗಿಸಿದ ಮೇಲೆ 2024ರ ಜುಲೈನಲ್ಲಿ ರದ್ದು ಮಾಡಿದರು. 2025ರಲ್ಲಿ ಮತ್ತೆ ಜೀವ ಕೊಟ್ಟು ಬ್ಲೂ ಒರಿಜಿನ್ ಕಂಪನಿಯ ಲ್ಯಾಂಡರಿನಲ್ಲಿ ಕಳಿಸುವ ತೀರ್ಮಾನ ಆಯಿತು. ಈ ಎಳೆದಾಟದಲ್ಲಿ ಹೋದದ್ದು ಸಮಯ.

ನೆಲ ನಡುಗಿದರೆ

2024ರಲ್ಲಿ ‘ಚಂದ್ರ ಕುಗ್ಗುತ್ತಿದ್ದಾನೆ’ ಅನ್ನುವ ಸುದ್ದಿ ಓಡಾಡಿತ್ತು. ಗಾಬರಿ ಬೇಡ, ಒಳಗಿನ ಬಿಸಿ ಆರುತ್ತಾ ಚಂದ್ರ ಕೋಟ್ಯಂತರ ವರ್ಷಗಳಿಂದ ಚೂರುಚೂರೇ ಕುಗ್ಗುತ್ತಿದ್ದಾನೆ, ಒಣಗಿದ ಹಣ್ಣಿನ ಸಿಪ್ಪೆಯ ಹಾಗೆ ಮೇಲ್ಮೈಯಲ್ಲಿ ಮಡಿಕೆ ಬೀಳುತ್ತಿದೆ. ಆ ಮಡಿಕೆಗಳಲ್ಲಿ ಕೆಲವು ದಕ್ಷಿಣ ಧ್ರುವದ ಸುತ್ತ ಇವೆ. ಅಪೊಲೊ ಕಾಲದ ಕಂಪನಮಾಪಕಗಳು ಹಿಡಿದ ಅತಿ ಜೋರಿನ ಮೇಲುಪದರದ ಕಂಪನ ಹುಟ್ಟಿದ್ದು ಈ ಕಡೆಯೇ ಇರಬೇಕು ಅಂತ ಆ ಅಧ್ಯಯನ ಹೇಳುತ್ತದೆ. ಲಘುವಾಗಿ ನಡುಗಿದರೂ ಕಡಿದಾದ ಇಳಿಜಾರುಗಳಲ್ಲಿ ಮಣ್ಣು ಜರಿಯಬಹುದು, ಶ್ಯಾಕಲ್ಟನ್ನಿನ ಒಳಗೋಡೆಯೂ ಆ ಪಟ್ಟಿಯಲ್ಲಿದೆ. ನಾಲ್ಕು ದಿನಕ್ಕೆ ಇಳಿದು ಬರುವವರಿಗೆ ಇದು ದೊಡ್ಡ ಚಿಂತೆಯಲ್ಲ. ವರ್ಷಗಟ್ಟಲೆ ನಿಲ್ಲುವ ನೆಲೆ ಕಟ್ಟುವವರಿಗೆ ಚಿಂತೆಯೇ.

ಭಾರತ ಎಲ್ಲಿ ನಿಂತಿದೆ

ಶ್ಯಾಕಲ್ಟನ್ ಪಕ್ಕಕ್ಕೆ ಭಾರತ ಹೋಗಿ ಆಗಲೇ ಎಷ್ಟೋ ವರ್ಷ ಆಯಿತು ಅಂದರೆ ಹಲವರಿಗೆ ಆಶ್ಚರ್ಯ ಆಗಬಹುದು. 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಕಳಚಿಕೊಂಡ ಎಂಐಪಿ ಅನ್ನುವ ಪೆಟ್ಟಿಗೆ, ಮೈಮೇಲೆ ತ್ರಿವರ್ಣ ಹೊತ್ತುಕೊಂಡು, 100 ಕಿ.ಮೀ. ಎತ್ತರದಿಂದ ಸುಮಾರು 25 ನಿಮಿಷದಲ್ಲಿ ಇಳಿದು ಈ ಕುಳಿಯ ಹತ್ತಿರವೇ ಅಪ್ಪಳಿಸಿತು. ಬೀಳುವ ದಾರಿಯಲ್ಲಿ ಅದರೊಳಗಿನ ಉಪಕರಣ ನೀರಿನ ಅಂಶದ ಗುರುತು ಹಿಡಿದಿತ್ತು. ಪೀಣ್ಯದಲ್ಲಿರುವ ಇಸ್ರೋದ ನೌಕಾ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ, ಬೆಂಗಳೂರಿನ ಹೊರಗಿನ ಬ್ಯಾಲಾಳಿನ ದೊಡ್ಡ ಆಂಟೆನಾಗಳ ನೆರವಿನಿಂದ ನಡೆದ ಕೆಲಸ ಅದು. ಮೆತ್ತಗೆ ಇಳಿದದ್ದಲ್ಲ, ಬೇಕಂತಲೇ ಬಿದ್ದದ್ದು. ಧ್ರುವದ ಹತ್ತಿರ ಅನ್ನುವ ಮಾತು ನಿಜವಾಗಿ ಹೊಂದುವುದು ಶಿವಶಕ್ತಿಗಿಂತ ಆ ಪೆಟ್ಟಿಗೆಗೇ.

ಚಂದ್ರಯಾನ-3 ಕೂಡ ಧ್ರುವದ ಬಗ್ಗೆ ಒಂದು ಕೆಲಸಕ್ಕೆ ಬರುವ ಮಾತು ಹೇಳಿದೆ. ಅದರ ಚೇಸ್ಟ್ ಉಪಕರಣ ಮಣ್ಣಿಗೆ ಇಳಿದು ತಾಪಮಾನ ಅಳೆಯಿತು. ಸೂರ್ಯನ ಕಡೆಗೆ 6 ಡಿಗ್ರಿ ವಾಲಿದ್ದ ಜಾಗದಲ್ಲಿ ಹಗಲು 82 ಡಿಗ್ರಿ. ಒಂದೇ ಮೀಟರ್ ಆಚೆ, ಸಮತಟ್ಟು ಜಾಗದಲ್ಲಿ, ಸುಮಾರು 59. ಇದರಿಂದ 2025ರಲ್ಲಿ ವಿಜ್ಞಾನಿಗಳು ತೆಗೆದ ಲೆಕ್ಕ ಹೀಗಿದೆ: ಧ್ರುವದ ಕಡೆಗೆ ಮುಖ ಮಾಡಿ 14 ಡಿಗ್ರಿಗಿಂತ ಜಾಸ್ತಿ ವಾಲಿದ ಇಳಿಜಾರುಗಳಲ್ಲಿ, ಧ್ರುವದಿಂದ ದೂರದಲ್ಲೂ, ಸ್ವಲ್ಪವೇ ಆಳದಲ್ಲಿ ಐಸ್ ಉಳಿಯಬಹುದು. ಇದು ಖಚಿತವಾದರೆ ಐಸಿಗಾಗಿ ಶ್ಯಾಕಲ್ಟನ್ನಿಗೇ ಮುಗಿಬೀಳುವ ಅಗತ್ಯ ಕಮ್ಮಿ ಆಗುತ್ತದೆ. ಬಿಸಿಲಿನ ತುದಿಗಳಿಗೆ ಮಾತ್ರ ಬದಲಿ ಇಲ್ಲ.

ಮುಂದಿನದು ಜಪಾನ್ ಜೊತೆಗಿನ ಲೂಪೆಕ್ಸ್, ಅಂದರೆ ಚಂದ್ರಯಾನ-5. 2025ರ ಮಾರ್ಚ್‌ನಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಲ್ಯಾಂಡರ್ ಇಸ್ರೋದ್ದು, ರೋವರ್ ಮತ್ತು ರಾಕೆಟ್ ಜಪಾನಿನದು. ಪ್ರಜ್ಞಾನ್ ತೂಗುತ್ತಿದ್ದದ್ದು ಸುಮಾರು 26 ಕೆ.ಜಿ., ಈ ರೋವರ್ 250 ಕೆ.ಜಿ. ಮಣ್ಣು ಕೊರೆದು ನೀರು ಹುಡುಕುವುದು ಅದರ ಕೆಲಸ. ಹಲವು ತಿಂಗಳು ಬದುಕಬೇಕಾದರೆ ಅದಕ್ಕೂ ಬೇಕಾದದ್ದು ಬಿಸಿಲು ಜಾಸ್ತಿ ಬೀಳುವ ಜಾಗವೇ.

ಕಾನೂನಿನ ಕಡೆ ಭಾರತ 2023ರ ಜೂನ್ 21ರಂದು ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿತು. ಚಂದ್ರನ ಸಂಪತ್ತು ಮನುಕುಲದ ಸಮಾನ ಆಸ್ತಿ ಅನ್ನುವ 1979ರ ಚಂದ್ರ ಒಪ್ಪಂದಕ್ಕೂ ಹಿಂದೆ ಸಹಿ ಹಾಕಿತ್ತು, ಅನುಮೋದಿಸಲಿಲ್ಲ. ಎರಡು ದೋಣಿಯಲ್ಲಿ ಕಾಲು ಅಂತ ಟೀಕಿಸಬಹುದು. ಆದರೆ ಈ ನಿಲುವಿನಿಂದಲೇ ಭಾರತಕ್ಕೆ ಒಂದು ಅವಕಾಶವೂ ಇದೆ ಅನ್ನಿಸುತ್ತದೆ, ಯಾಕೆಂದರೆ ಇಂಥದ್ದೇ ಒಂದು ಜಗಳ ಹಿಂದೆ ನಡೆದು, ತಕ್ಕಮಟ್ಟಿಗೆ ಬಗೆಹರಿದಿದೆ.

ಹಾಸನದಲ್ಲಿರುವ ಒಂದು ಪಾಠ

ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ಇಸ್ರೋ ನೋಡಿಕೊಳ್ಳುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ಇರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದ ಒಂದೇ ಕಕ್ಷೆಯಲ್ಲಿ. ಆ ಕಕ್ಷೆಯಲ್ಲೂ ಜಾಗ ಕಮ್ಮಿ. ಒಬ್ಬರ ಪಕ್ಕ ಇನ್ನೊಬ್ಬರು ತೀರಾ ಹತ್ತಿರ ಬಂದರೆ ಸಿಗ್ನಲ್ ಕಲಸಿಹೋಗುತ್ತದೆ. ಮೊದಲು ಅಲ್ಲೂ ಮೊದಲು ಬಂದವರಿಗೇ ಜಾಗ ಅನ್ನುವ ಪದ್ಧತಿ ಇತ್ತು. 1976ರಲ್ಲಿ ಭೂಮಧ್ಯರೇಖೆಯ ಕೆಲವು ದೇಶಗಳು ಬೊಗೊಟಾದಲ್ಲಿ ಸೇರಿ ನಮ್ಮ ತಲೆ ಮೇಲಿನ ಕಕ್ಷೆ ನಮ್ಮದು ಅಂದವು. ಅದನ್ನು ಯಾರೂ ಒಪ್ಪಲಿಲ್ಲ. ಆದರೆ ಗದ್ದಲದ ಫಲವಾಗಿ, ಉಪಗ್ರಹ ಬಿಡಲು ಆಗದ ದೇಶಗಳಿಗೂ ಪಾಲು ಇರಬೇಕು ಅನ್ನುವ ಮಾತಿಗೆ ಬಲ ಬಂತು. 1988ರ ಹೊತ್ತಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೆಲವು ತರಂಗಾಂತರಗಳಲ್ಲಿ ಪ್ರತಿ ದೇಶಕ್ಕೂ ಒಂದಾದರೂ ಜಾಗ ಮೀಸಲಿಟ್ಟಿತು. ಜಾಗ ಯಾರ ಸ್ವಂತದ್ದೂ ಅಲ್ಲ, ಬಳಸುವ ಸರದಿ ಮಾತ್ರ ಗೊತ್ತುಮಾಡಿದ್ದು.

ಶ್ಯಾಕಲ್ಟನ್ನಿನ ಅಂಚಿಗೂ ಇಂಥ ಏರ್ಪಾಡು ಅಸಾಧ್ಯವೇನಲ್ಲ. ಯಾವ ತುದಿಯಲ್ಲಿ ಎಷ್ಟೆತ್ತರದ ಕಂಬ, ನೆರಳು ಯಾವ ದಿನ ಯಾರ ಮೇಲೆ, ಎಷ್ಟು ದೂರದಲ್ಲಿ ಇಳಿಯಬೇಕು, ಕೆಟ್ಟುನಿಂತ ಯಂತ್ರವನ್ನು ಎಷ್ಟು ದಿನದಲ್ಲಿ ತೆರವು ಮಾಡಬೇಕು, ಇವೆಲ್ಲ ಲೆಕ್ಕ ಹಾಕಿ ಬರೆದಿಡಬಹುದಾದ ಸಂಗತಿಗಳೇ. ಸೂರ್ಯನ ದಾರಿ ಗೊತ್ತಿದೆ, ನೆಲದ ನಕ್ಷೆ ಕೈಯಲ್ಲಿದೆ. ಕಕ್ಷೆಯ ವಿಷಯದಲ್ಲಿ ಈ ಮಾತು ಬಂದದ್ದು ಒಳ್ಳೆಯ ಜಾಗಗಳೆಲ್ಲ ತುಂಬತೊಡಗಿದ ಮೇಲೆ. ಇಲ್ಲಿ ಇನ್ನೂ ಅಂಚು ಖಾಲಿ ಇದೆ.

ಬಾಹ್ಯಾಕಾಶದ ಸಂಪನ್ಮೂಲ ಬಳಸುವ ನಿಯಮಗಳ ಬಗ್ಗೆ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಒಂದು ಕಾರ್ಯತಂಡ ಚರ್ಚೆ ಮಾಡುತ್ತಿದೆ. ಅದರ ಐದು ವರ್ಷದ ಕೆಲಸ ಮುಗಿಯಬೇಕಾದದ್ದು 2027ಕ್ಕೆ. ಚಾಂಗ್-ಎ 7ರ ಗಡುವು ಅದಕ್ಕಿಂತ ಮುಂಚೆ.